ಪಟ್ಟಿಯಲ್ಲಿ ಇರದ ವಾಡಿ

ಕೇಳುಗರಿಗೆ ನಮಸ್ಕಾರ.

ನಮ್ಮ ಪುಣೆ ಜಿಲ್ಲೆಯ ಅಂಬೇಗಾಂವ್ ತಾಲ್ಲೂಕಿನಲ್ಲಿ, ಭೀಮಾಶಂಕರದ ಕಡೆಯ ಬೆಟ್ಟಗಳ ನಡುವೆ, ಮಾಳಿಣ್ ಎಂಬ ಊರಿತ್ತು. 2014ರ ಜುಲೈ 30ರ ಬೆಳಿಗ್ಗೆ ಆ ದಾರಿಯಲ್ಲಿ ಬಂದ ಸಾರಿಗೆ ಬಸ್ಸಿನ ಚಾಲಕನಿಗೆ ಊರಿರಬೇಕಾದ ಜಾಗದಲ್ಲಿ ಕೆಸರಿನ ಗುಡ್ಡೆ ಕಂಡಿತು. ಹೊರಗಿನವರಿಗೆ ಸುದ್ದಿ ಮುಟ್ಟಿದ್ದು ಅವನಿಂದಲೇ. ಮಹಾದೇವ ಕೋಳಿ ಬುಡಕಟ್ಟಿನವರ ಆ ಊರಿನಲ್ಲಿ 151 ಜನ ಪ್ರಾಣ ಕಳೆದುಕೊಂಡರು.

ಒಂಬತ್ತು ವರ್ಷಗಳ ಬಳಿಕ, 2023ರ ಜುಲೈ 19ರ ರಾತ್ರಿ, ರಾಯಗಡ ಜಿಲ್ಲೆಯ ಇರ್ಶಾಳಗಡ ಕೋಟೆಯ ಕೆಳಗಿದ್ದ ಇರ್ಶಾಳವಾಡಿಯ ಮೇಲೆ ಗುಡ್ಡ ಜಾರಿತು. ಅದು ಠಾಕರ ಎಂಬ ಬುಡಕಟ್ಟು ಸಮುದಾಯದವರ ವಾಡಿ, ಅಂದರೆ ಕೆಲವೇ ಮನೆಗಳ ಪುಟ್ಟ ಊರು. 27 ಶವಗಳು ಸಿಕ್ಕವು, 57 ಮಂದಿ ಮಣ್ಣಿನಲ್ಲೇ ಉಳಿದರು. ವಾಹನ ಹೋಗುವ ರಸ್ತೆಯಿಲ್ಲದ ಕಾರಣ ದೊಡ್ಡ ಯಂತ್ರಗಳು ಮೇಲೇರಲಿಲ್ಲ. ರಕ್ಷಣಾ ಪಡೆಯವರು ಗುದ್ದಲಿ, ಸಲಿಕೆ ಹಿಡಿದು ಸುರಿಯುವ ಮಳೆಯಲ್ಲಿ ಕಾಲುದಾರಿ ಹತ್ತಬೇಕಾಯಿತು. ಭೂಕುಸಿತದ ಭಯವಿರುವ ಊರುಗಳ ಪಟ್ಟಿಯಲ್ಲಿ ಈ ವಾಡಿಯ ಹೆಸರೇ ಇರಲಿಲ್ಲವೆಂದು ಆಮೇಲೆ ಸರ್ಕಾರವೇ ಹೇಳಿತು.

ಪಟ್ಟಿಯಲ್ಲಿ ಇಲ್ಲದ ಊರಿಗೆ ಉಳಿಯುವುದು ಮಳೆಯ ಎಚ್ಚರಿಕೆಯೊಂದೇ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ. ಇಪ್ಪತ್ನಾಲ್ಕು ಗಂಟೆಗಳಲ್ಲಿ 204.5 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ಬಿದ್ದರೆ ಹವಾಮಾನ ಇಲಾಖೆ ಅದನ್ನು ಅತ್ಯಂತ ಭಾರಿ ಮಳೆ ಎನ್ನುತ್ತದೆ. ಪುಣೆ ನಗರದಲ್ಲಿ ವರ್ಷವಿಡೀ ಬೀಳುವುದು ಸುಮಾರು 700 ಮಿಲಿಮೀಟರ್. ಅಂದರೆ ನಮ್ಮ ವರ್ಷದ ಮಳೆಯ ಕಾಲುಭಾಗಕ್ಕಿಂತ ಹೆಚ್ಚು ಒಂದೇ ದಿನದಲ್ಲಿ. ಅಂಥ ಮಳೆಯ ಕೆಂಪು ಎಚ್ಚರಿಕೆ ಬಂತೆಂದರೆ ನಾವು ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲಿ ಇರಿಸಿಕೊಳ್ಳುತ್ತೇವೆ. ಆದರೆ ಆ ಎಚ್ಚರಿಕೆ ಇಡೀ ಜಿಲ್ಲೆಗೋ ಅದರ ಘಟ್ಟ ಪ್ರದೇಶಕ್ಕೋ ಒಟ್ಟಾಗಿ ಬರುತ್ತದೆ. ಯಾವ ಗುಡ್ಡದ ಯಾವ ಮಗ್ಗುಲು ನೀರು ಕುಡಿದು ಭಾರವಾಗಿದೆ ಎಂಬುದು ಅದರಲ್ಲಿ ಇರುವುದಿಲ್ಲ, ಇರಲು ಸಾಧ್ಯವೂ ಇಲ್ಲ.

ಅದು ಕಾಣುವುದು ಗುಡ್ಡದಲ್ಲೇ. ಇಳಿಜಾರಿನ ನೆಲದಲ್ಲಿ ಕೂದಲೆಳೆಯಂಥ ಬಿರುಕು ಮೂಡುತ್ತದೆ; ನಿನ್ನೆಯವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ; ತಿಳಿಯಾಗಿದ್ದ ಒರತೆಯ ನೀರು ಇದ್ದಕ್ಕಿದ್ದಂತೆ ಕೆಂಪಾಗುತ್ತದೆ; ಹಿಂದೆ ಎಂದೂ ನೀರಿರದ ಕಡೆ ಹೊಸ ಒರತೆ ಒಡೆಯುತ್ತದೆ. ಮಣ್ಣಿನೊಳಗೆ ನೀರಿನ ಒತ್ತಡ ಏರಿ, ಮಣ್ಣಿಗೂ ಕೆಳಗಿನ ಬಂಡೆಗೂ ಇರುವ ಹಿಡಿತ ಸಡಿಲವಾಗುತ್ತಿದೆ ಎಂಬುದಕ್ಕೆ ಇವು ಸೂಚನೆಗಳು. ಮಳೆಗಾಲದ ಭಾನುವಾರ ಘಟ್ಟ ನೋಡಲು ಹೋಗುವ ಪುಣೆಯವರು, ನಾನೂ ಅವರಲ್ಲೊಬ್ಬ, ಇಂಥ ಹೊಸ ಝರಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತೇವೆ.

ಬುಡಕಟ್ಟಿನವರಿಗೆ ಎಲ್ಲವೂ ಮೊದಲೇ ತಿಳಿದಿರುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಇಂಡೊನೇಷ್ಯದ ಸಿಮೆಲು ದ್ವೀಪದ ಜನ 1907ರ ಸುನಾಮಿಯನ್ನು ಮರೆಯದೆ, ನೆಲ ನಡುಗಿ ಕಡಲು ಹಿಂದೆ ಸರಿದರೆ ಬೆಟ್ಟಕ್ಕೆ ಓಡಬೇಕೆಂದು ಮಕ್ಕಳಿಗೆ ಹೇಳುತ್ತಾ ಬಂದರು. 2004ರಲ್ಲಿ ಸುಮಾರು 78,000 ಜನರ ಆ ದ್ವೀಪದಲ್ಲಿ ಸತ್ತವರು ಏಳೇ ಮಂದಿ. ಕಡಲು ಅದೇ ದಡಕ್ಕೆ ಮರಳಿ ಬರುತ್ತದೆ. ತಲೆಮಾರುಗಳ ಕಾಲ ಅಲುಗದೆ ನಿಂತ ಗುಡ್ಡ ಒಂದು ರಾತ್ರಿ ಜಾರಿದರೆ, ಆ ಊರಿಗೆ ಹಿಂದಿನವರು ಹೇಳಿಹೋದ ಕಥೆಯೇ ಇರುವುದಿಲ್ಲ. ಆದ್ದರಿಂದ ಊರಿನವರ ಕಣ್ಣಿಗೆ ಭೂವಿಜ್ಞಾನಿಯ ಅಳತೆಯೂ ಜೊತೆಯಾಗಬೇಕು.

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಯೋಜನೆ ಇರಬೇಕು, ಅದನ್ನು ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ ತಯಾರಿಸಬೇಕು, ವರ್ಷಕ್ಕೊಮ್ಮೆ ತಿದ್ದಬೇಕು. ಅಂಬೇಗಾಂವದ ಬುಡಕಟ್ಟು ಗ್ರಾಮಗಳಿರುವ ಅನುಸೂಚಿತ ಪ್ರದೇಶಕ್ಕೆ, ಅಂಥ ಪ್ರದೇಶಗಳ ಗ್ರಾಮಸಭೆಗಳಿಗೆ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆಯೂ ಅನ್ವಯಿಸುತ್ತದೆ. ಅದರಡಿ ಒಂದು ವಾಡಿಯೇ ಗ್ರಾಮವೆನಿಸಿ ತನ್ನ ಗ್ರಾಮಸಭೆ ನಡೆಸಬಹುದು. ಈ ಎರಡು ಕಾಯ್ದೆಗಳನ್ನು ಯಾರಾದರೂ ಒಂದೇ ಮೇಜಿನ ಮೇಲಿಟ್ಟು ಓದಬೇಕು. ರಾತ್ರಿ ಮನೆ ಬಿಟ್ಟು ಹೊರಡುವ ತೀರ್ಮಾನ ವಾಡಿಯದೇ ಆಗಬೇಕು. ತಾಲ್ಲೂಕು ಕಚೇರಿಯ ಆದೇಶಕ್ಕೆ ಕಾಯುವಷ್ಟು ಹೊತ್ತು ಗುಡ್ಡ ಕೊಡುವುದಿಲ್ಲ.

ಅದಕ್ಕೆ ಬೇಕಾದದ್ದು ದುಬಾರಿಯದೇನಲ್ಲ. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ ಇಟ್ಟು, ಗುಡ್ಡವನ್ನು ಪರೀಕ್ಷಿಸಿದ ಭೂವಿಜ್ಞಾನಿ ಹೇಳಿದ ಗುರುತಿಗೆ ಅದರ ಮೇಲೆ ಬಣ್ಣದ ಗೆರೆ ಎಳೆಯಬಹುದು. ನೀರು ಆ ಗೆರೆ ಮುಟ್ಟಿದರೆ ಯಾರು ಯಾರ ಬಾಗಿಲು ತಟ್ಟಬೇಕು, ನಡೆಯಲಾಗದ ಅಜ್ಜಿಯನ್ನು ಯಾರು ಹೊರಬೇಕು ಎಂಬುದನ್ನು ಮೇ ತಿಂಗಳಲ್ಲೇ ಗೊತ್ತುಮಾಡಬಹುದು. ತೊಡಕಿರುವುದು ದನಗಳದು. ಜುಲೈ ಎಂದರೆ ನಾಟಿಯ ಕಾಲ. ಎತ್ತುಗಳನ್ನು ಕೊಟ್ಟಿಗೆಯಲ್ಲಿ ಬಿಟ್ಟು ಬರಲು ರೈತನಿಗೆ ಮನಸ್ಸು ಬಾರದು. ಆಶ್ರಯ ಕೇಂದ್ರದ ನಕ್ಷೆಯಲ್ಲಿ ಅವುಗಳಿಗೂ ಸೂರಿರದಿದ್ದರೆ, ಜನರನ್ನು ಕೆಳಗಿಳಿಸಿದರೂ ಅರ್ಧರಾತ್ರಿಗೆ ಮನೆಯ ಗಂಡಸು ಮರಳಿ ಗುಡ್ಡ ಹತ್ತುತ್ತಾನೆ.

ಊರನ್ನೇ ಕಾಯಂ ಸ್ಥಳಾಂತರಿಸುವುದು ಇನ್ನೂ ಕಷ್ಟ. ಮಾಳಿಣ್ ಕಡೆಯ ಸಂಸಾರಗಳಿಗೆ ಕಾಡಿನ ಅಳಲೆಕಾಯಿಯೂ ಒಂದು ಆದಾಯ. ಕಾಡಿನಿಂದ ದೂರ ಒಯ್ದರೆ ಅದು ತಪ್ಪುತ್ತದೆ. ಮಾಳಿಣ್‌ನಲ್ಲಿ ಉಳಿದವರಿಗೆ 2017ರ ಏಪ್ರಿಲ್‌ನಲ್ಲಿ ಹತ್ತಿರದಲ್ಲೇ ಹೊಸ ಮನೆಗಳನ್ನು ಒಪ್ಪಿಸಲಾಯಿತು. ಜೂನ್‌ನ ಮೊದಲ ಮಳೆಗೆ ಅಲ್ಲಿಯೂ ನೆಲ ಕುಸಿದು, ರಸ್ತೆಯಲ್ಲಿ ಬಿರುಕು ಬಿಟ್ಟಿತು.