ಹವ್ಯಾಸಿಗಳ ಆಕಾಶ ಛಾಯಾಗ್ರಹಣ: ಉಪಕರಣಗಳ ಆಯ್ಕೆ

ಕೇಳುಗರಿಗೆ ನಮಸ್ಕಾರ.

ಶನಿಯ ಬಳೆಗಳನ್ನೋ ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆಯನ್ನೋ ತಾವೇ ಚಿತ್ರ ತೆಗೆಯಬೇಕೆಂದು ಹಂಬಲಿಸುವವರು ಅಂಗಡಿಯಲ್ಲಿ ಮೊದಲು ಕೇಳುವುದು, ಈ ದೂರದರ್ಶಕ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂದು. ಅದಕ್ಕಿಂತ ಮುಖ್ಯವಾದ ಪ್ರಶ್ನೆಗಳು ಎರಡಿವೆ: ಅದು ಎಷ್ಟು ಬೆಳಕನ್ನು ಹಿಡಿಯುತ್ತದೆ, ಅದನ್ನು ಹೊತ್ತು ನಿಲ್ಲುವ ಸ್ಟ್ಯಾಂಡು ಎಷ್ಟು ಗಟ್ಟಿಯಾಗಿದೆ. ಛಾಯಾಗ್ರಹಣದ ಮಟ್ಟಿಗೆ ಎರಡನೆಯದೇ ಹೆಚ್ಚಿನದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆರಂಭಕ್ಕೆ ಬೈನಾಕ್ಯುಲರ್ ಸಾಕು. ಅದರ ಮೇಲೆ 10×50 ಎಂದು ಬರೆದಿದ್ದರೆ, 10 ಎಂಬುದು ವರ್ಧನೆ. 50 ಎಂಬುದು ಮುಂದಿನ ಮಸೂರದ ವ್ಯಾಸ, ಮಿಲಿಮೀಟರುಗಳಲ್ಲಿ. ಐವತ್ತನ್ನು ಹತ್ತರಿಂದ ಭಾಗಿಸಿದರೆ ಬರುವ 5 ಮಿಲಿಮೀಟರು, ಕಣ್ಣನ್ನು ತಲುಪುವ ಬೆಳಕಿನ ಕಂಬದ ಅಗಲ. ಕತ್ತಲಿಗೆ ಹೊಂದಿಕೊಂಡ ಎಳೆಯ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರಿನವರೆಗೆ ಅರಳುತ್ತದೆ, ವಯಸ್ಸಾದಂತೆ ಅಷ್ಟು ಅರಳುವುದಿಲ್ಲ. ಆದ್ದರಿಂದ ನಡುವಯಸ್ಸು ದಾಟಿದವರಿಗೆ 7×50ಕ್ಕಿಂತ 10×50 ಹೆಚ್ಚು ಒಪ್ಪುತ್ತದೆ. 15 ಅಥವಾ 20 ಪಟ್ಟು ವರ್ಧಿಸುವ ಬೈನಾಕ್ಯುಲರನ್ನು ಕೈಯಲ್ಲಿ ಹಿಡಿದರೆ ನಕ್ಷತ್ರಗಳು ಒಂದೆಡೆ ನಿಲ್ಲುವುದೇ ಇಲ್ಲ. ಬೈನಾಕ್ಯುಲರಿನಿಂದ ಒಳ್ಳೆಯ ಚಿತ್ರ ದೊರೆಯುವುದು ಕಷ್ಟವೇ ಸರಿ; ಆದರೆ ಕೃತ್ತಿಕೆಯ ಗುಂಪು, ಗುರುವಿನ ನಾಲ್ಕು ಚಂದ್ರರು, ದೇವಯಾನಿ ಗೆಲಕ್ಸಿಯ ಮಸುಕು ಕಲೆ ಎಲ್ಲೆಲ್ಲಿವೆ ಎಂದು ಅದರಲ್ಲಿ ಹುಡುಕಿ ಕಲಿತವರಿಗೆ, ಮುಂದೆ ಕ್ಯಾಮೆರಾವನ್ನು ಎತ್ತ ತಿರುಗಿಸಬೇಕೆಂಬ ಗೊಂದಲವಿರುವುದಿಲ್ಲ.

ದೂರದರ್ಶಕದ ವಿಷಯದಲ್ಲಿ ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ನಂಬಬಾರದು. ಮಸೂರ ಅಥವಾ ದರ್ಪಣದ ವ್ಯಾಸದ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟು ಎಂಬುದು ಉಪಯುಕ್ತ ವರ್ಧನೆಯ ಮೇಲ್ಮಿತಿ. 60 ಮಿಲಿಮೀಟರಿನ ಮಸೂರಕ್ಕೆ ಇದು 120 ಪಟ್ಟು. ಅದರ ಮೇಲೆ 525 ಎಂದು ಅಚ್ಚುಹಾಕಿದ್ದರೆ, ದೊಡ್ಡದಾಗಿ ಕಾಣುವುದು ಮಸುಕು ಮಾತ್ರ. ಕಣ್ಣಿಂದ ನೋಡುವುದೇ ಉದ್ದೇಶವಾದರೆ, ನೆಲದ ಮೇಲೆ ಕೂರುವ ಡಾಬ್ಸೋನಿಯನ್ ಪೀಠದ ಮೇಲಿನ 150 ಅಥವಾ 200 ಮಿಲಿಮೀಟರಿನ ದರ್ಪಣ ದೂರದರ್ಶಕ, ಕೊಟ್ಟ ಹಣಕ್ಕೆ ಅತಿ ಹೆಚ್ಚು ಬೆಳಕನ್ನು ಕೊಡುತ್ತದೆ. ಅದರಲ್ಲಿ ಚಂದ್ರನ ಕುಳಿಗಳನ್ನು ಮೊಬೈಲ್ ಫೋನಿನಿಂದಲೇ ಸೆರೆಹಿಡಿಯಬಹುದು. ಗ್ರಹಗಳನ್ನು ವಿಡಿಯೊ ಆಗಿ ಚಿತ್ರಿಸಿ, ಗಾಳಿಯ ಅಲುಗಾಟವಿಲ್ಲದ ಚೌಕಟ್ಟುಗಳನ್ನಷ್ಟೇ ಆರಿಸಿ, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಬಹುದು. ಆದರೆ ನೀಹಾರಿಕೆಗಳ ದೀರ್ಘ ಎಕ್ಸ್‌ಪೋಷರಿಗೆ, ಅಂದರೆ ಕ್ಯಾಮೆರಾವನ್ನು ಬೆಳಕಿಗೆ ಬಹಳ ಹೊತ್ತು ತೆರೆದಿಡುವುದಕ್ಕೆ, ನಕ್ಷತ್ರಗಳ ಚಲನೆಯನ್ನು ಅನುಸರಿಸದ ಆ ಪೀಠ ಒದಗುವುದಿಲ್ಲ. ಕಣ್ಣಿಗಾಗಿ ರೂಪಿಸಿದ ಹಲವು ದರ್ಪಣ ದೂರದರ್ಶಕಗಳಲ್ಲಿ ಬಿಂಬವನ್ನು ಹೊಂದಿಸುವ ಕೊಳವೆ, ಅಂದರೆ ಫೋಕಸರ್, ಸಾಕಷ್ಟು ಒಳಕ್ಕೆ ಸರಿಯದ ಕಾರಣ, ಕ್ಯಾಮೆರಾ ಜೋಡಿಸಿದಾಗ ಬಿಂಬ ಸ್ಫುಟವಾಗುವುದೇ ಇಲ್ಲ. ಕೊಳ್ಳುವ ಮುನ್ನ ಇದನ್ನು ಕೇಳಿ ತಿಳಿಯಬೇಕು.

ಕ್ಯಾಮೆರಾಕ್ಕೆ ಹೊಸದಾಗಿ ಹಣ ಸುರಿಯುವುದು ಬೇಡ. ಮ್ಯಾನುಯಲ್ ವ್ಯವಸ್ಥೆಯಿದ್ದು, ರಾ ಕಡತಗಳನ್ನು, ಅಂದರೆ ಸಂಸ್ಕರಿಸದ ಮೂಲ ಚಿತ್ರಗಳನ್ನು, ಉಳಿಸುವ ಹಳೆಯ ಡಿಎಸ್‌ಎಲ್‌ಆರ್ ಸಾಕು. ಭೂಮಿ ತಿರುಗುವುದರಿಂದ ನಕ್ಷತ್ರಗಳು ಗೆರೆಯಾಗುತ್ತವೆ. ಗೆರೆಯಾಗದ ಕಾಲಾವಧಿಯನ್ನು ತಿಳಿಯಲು 500ನ್ನು ಮಸೂರದ ಸಂಗಮದೂರದಿಂದ (ಮಿಲಿಮೀಟರುಗಳಲ್ಲಿ ಹೇಳುವ ಫೋಕಲ್ ಲೆಂಗ್ತ್) ಭಾಗಿಸುವ ರೂಢಿಯಿದೆ. 50 ಮಿಲಿಮೀಟರ್ ಸಂಗಮದೂರದ ಮಸೂರಕ್ಕೆ ಹತ್ತು ಸೆಕೆಂಡು. ಸಂವೇದಕ ಚಿಕ್ಕದಾದ ಕ್ಯಾಮೆರಾಗಳಲ್ಲಿ ಆರೇಳು ಸೆಕೆಂಡು. ಫೋಕಸ್ ಮಾಡುವಾಗ ಮಸೂರದ ಮೇಲಿನ ಅನಂತದ ಗುರುತನ್ನು ನೆಚ್ಚಿಕೊಳ್ಳದೆ, ಪ್ರಕಾಶಮಾನವಾದ ಒಂದು ನಕ್ಷತ್ರವನ್ನು ಕ್ಯಾಮೆರಾದ ಪರದೆಯಲ್ಲಿ ಹಿಗ್ಗಿಸಿ, ಅದು ಆದಷ್ಟು ಸಣ್ಣ ಚುಕ್ಕೆಯಾಗುವವರೆಗೆ ಉಂಗುರವನ್ನು ಕೂದಲೆಳೆಯಷ್ಟಷ್ಟೇ ತಿರುಗಿಸಬೇಕು. ಎಲ್ಲ ಪ್ರಯತ್ನದ ಫಲವೂ ಈ ಅರೆ ನಿಮಿಷದ ತಾಳ್ಮೆಯಲ್ಲಿದೆ.

ಇನ್ನು ಹೆಚ್ಚಿನ ಹಣ ಹೋಗಬೇಕಾದದ್ದು ನಕ್ಷತ್ರಗಳ ಚಲನೆಯನ್ನು ಅನುಸರಿಸುವ ಈಕ್ವಟೋರಿಯಲ್ ಮೌಂಟ್ ಎಂಬ ಸ್ಟ್ಯಾಂಡಿಗೆ. ಅದರ ಒಂದು ಅಕ್ಷವನ್ನು ಧ್ರುವ ನಕ್ಷತ್ರದತ್ತ ನಿಲ್ಲಿಸಿದರೆ, ಮೋಟಾರು ಭೂಮಿಯ ಸುತ್ತುವಿಕೆಯನ್ನು ಸರಿದೂಗಿಸುತ್ತದೆ. ಇಲ್ಲಿ ಕರ್ನಾಟಕದವರಿಗೆ ಒಂದು ತೊಡಕಿದೆ: ಧ್ರುವ ನಕ್ಷತ್ರದ ಎತ್ತರ ಊರಿನ ಅಕ್ಷಾಂಶದಷ್ಟೇ ಇರುವುದರಿಂದ, ಬೆಂಗಳೂರಿನಲ್ಲಿ ಅದು ದಿಗಂತದಿಂದ ಸುಮಾರು 13 ಡಿಗ್ರಿ, ಅಂದರೆ ಚಾಚಿದ ಕೈಯ ಮುಷ್ಟಿಗಿಂತ ಸ್ವಲ್ಪವೇ ಮೇಲೆ. ಎದುರು ಮನೆಯ ಮಹಡಿಯೋ ತೆಂಗಿನ ಮರವೋ ಮರೆಮಾಡಲು ಅಷ್ಟು ಸಾಕು. ಬೀದರಿನಲ್ಲೂ ಅದು ಸುಮಾರು 18 ಡಿಗ್ರಿಯಷ್ಟೇ. ಹೀಗಾಗಿ ಮೌಂಟಿನ ಅಕ್ಷ ಇಷ್ಟು ಕೆಳಕ್ಕೆ ಬಾಗುತ್ತದೆಯೇ ಎಂದು ಪರೀಕ್ಷಿಸಿಯೇ ಕೊಳ್ಳಬೇಕು. ಉತ್ತರ ದಿಕ್ಕು ತೆರೆದಿರುವ ಜಾಗವನ್ನು ಹಗಲಿನಲ್ಲೇ ಗೊತ್ತುಮಾಡಿಕೊಳ್ಳಬೇಕು. ತಯಾರಕರು ಹೇಳುವ ಭಾರಮಿತಿಯ ಅರ್ಧದಷ್ಟನ್ನೇ ಚಿತ್ರಣದ ವೇಳೆ ಹೇರುವುದು ಕ್ಷೇಮ. ಅಂಥ ಮೌಂಟಿನ ಮೇಲೆ 70 ಅಥವಾ 80 ಮಿಲಿಮೀಟರಿನ ಚಿಕ್ಕ ಮಸೂರ ದೂರದರ್ಶಕವು, ಅಲುಗಾಡುವ ಸ್ಟ್ಯಾಂಡಿನ ಮೇಲಿನ ದೊಡ್ಡ ದರ್ಪಣಕ್ಕಿಂತ ಎಷ್ಟೋ ಚೆಂದದ ಚಿತ್ರ ಕೊಡುತ್ತದೆ.

ಕೊನೆಯದಾಗಿ, ಮಲೆನಾಡು ಮತ್ತು ಕರಾವಳಿಯ ಕೇಳುಗರಿಗೆ ಒಂದು ಮಾತು. ಮಳೆಗಾಲದಲ್ಲಿ ಮಸೂರಗಳಿಗೆ ಬೂಷ್ಟು ಹಿಡಿಯುತ್ತದೆ, ಅದು ಗಾಜಿನ ಲೇಪನವನ್ನೇ ತಿಂದುಹಾಕುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು ಉಪಕರಣಗಳನ್ನು ಕಾಪಾಡಿ. ಹರಳುಗಳ ಬಣ್ಣ ಬದಲಾದಾಗ ಅವನ್ನು ಬಿಸಿಮಾಡಿ, ತೇವ ಆರಿಸಿ ಮತ್ತೆ ಬಳಸಬಹುದು. ನಮಸ್ಕಾರ.