ಅಪ್ಪನ ಜೇಬು ಮತ್ತು ಹೊಸ ಫೋನಿನ ಕವರ್

ಈ ಫೋನನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬಲಗಡೆ ಕೆಳಗಿನ ಮೂಲೆ. ಅಲ್ಲಿ ಶುರುವಾದ ಬಿರುಕು ಮೇಲೆ ಹೋಗ್ತಾ ಹೋಗ್ತಾ ಮೂರು ಕವಲಾಗಿದೆ. ಇದು ಅಪ್ಪನ ಹಳೇ ಫೋನ್. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ, ಬಚ್ಚಲ ಒಲೆಗೆ ಸೌದೆ ನೂಕಲು ಬಗ್ಗಿದಾಗ ಅಂಗಿ ಜೇಬಿನಿಂದ ಜಾರಿ ಕಲ್ಲಿನ ಮೇಲೆ ಬಿತ್ತು. ಫ್ಲಿಪ್ ಕವರ್ ಇತ್ತು. ಪರದೆ ಮೇಲೆ ಅಂಟಿಸುವ ಗ್ಲಾಸೂ ಇತ್ತು. ಎರಡೂ ಇದ್ದೂ ಡಿಸ್‌ಪ್ಲೇ ಹೋಯಿತು. ರಿಪೇರಿ ಅಂಗಡಿಯಲ್ಲಿ 4,800 ರೂಪಾಯಿ ಕೇಳಿದರು. ಫೋನ್ ತಗೊಂಡಿದ್ದೇ 9,000ಕ್ಕೆ.

ನಮಸ್ಕಾರ. ಇವತ್ತಿನ ವ್ಲಾಗ್‌ನಲ್ಲಿ ಅಪ್ಪನಿಗೆ ತಂದ ಹೊಸ ಫೋನಿಗೆ ಕವರ್, ಗ್ಲಾಸ್, ಇನ್ನೊಂದೆರಡು ಸಾಮಾನು ಹುಡುಕುತ್ತಿದ್ದೇನೆ. ಫೋನ್ ಯಾವುದು ಅಂತ ಕೇಳಬೇಡಿ, ಅದರ ಬಗ್ಗೆ ಸಾವಿರ ವಿಡಿಯೋ ಇವೆ. ನನ್ನ ತಲೆಬಿಸಿ ಬೇರೆ. ಈ ಫೋನು ನನ್ನ ಟೇಬಲ್ ಮೇಲೆ ಇರುವುದಿಲ್ಲ. ಅಡಿಕೆ ತೋಟದಲ್ಲಿ ಇರುತ್ತದೆ.

ಇದು ಬೆಂಗಳೂರಿನ ಎಸ್.ಪಿ. ರೋಡ್, ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ. ಕೆ.ಆರ್. ಮಾರ್ಕೆಟ್ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದು ನಡೆದೆ. ಕ್ಯಾಮರಾ ಅಲ್ಲಾಡುತ್ತಿದೆ, ಕ್ಷಮಿಸಿ. ಒಂದು ಕೈಗಾಡಿ, ಎರಡು ಸ್ಕೂಟರ್, ಒಬ್ಬ ಟೀ ಹುಡುಗ, ಎಲ್ಲರೂ ಒಟ್ಟಿಗೆ ನನ್ನ ಕಡೆಗೇ ಬಂದರು.

ಅಂಗಡಿಯ ಗೋಡೆ ತುಂಬಾ ಕವರ್. ಕೊಕ್ಕೆಗೆ ನೇತುಹಾಕಿ, ಒಂದರ ಹಿಂದೆ ಇಪ್ಪತ್ತು. ಮಾಡೆಲ್ ಹೆಸರು ಹೇಳಿದ ತಕ್ಷಣ ಅಂಗಡಿಯವನು ಹತ್ತು ಕವರ್ ಗಾಜಿನ ಮೇಲೆ ಹರವಿದ. "ಮೇಡಂ, ಇದು ಮಿಲಿಟರಿ ಗ್ರೇಡ್. ಎತ್ತಿ ಎಸೀರಿ, ಏನೂ ಆಗಲ್ಲ." ಬೆಲೆ 650.

ಈ ಮಿಲಿಟರಿ ಗ್ರೇಡ್ ಕಥೆ ಸ್ವಲ್ಪ ಹೇಳಲೇಬೇಕು. ಮಿಲ್-ಸ್ಟ್ಯಾಂಡರ್ಡ್ 810 ಅಂತ ಅಮೆರಿಕದ ಸೇನೆಯ ಒಂದು ಪರೀಕ್ಷಾ ವಿಧಾನ ಇದೆ. ಅದರಲ್ಲಿ ಬೀಳಿಸುವ ಪರೀಕ್ಷೆ ಹೀಗೆ: ವಸ್ತುವನ್ನು 122 ಸೆಂಟಿಮೀಟರ್, ಅಂದರೆ ನಾಲ್ಕು ಅಡಿ ಎತ್ತರದಿಂದ 26 ಸಲ ಬೀಳಿಸಬೇಕು. 6 ಮುಖ, 12 ಅಂಚು, 8 ಮೂಲೆ, ಒಂದೊಂದರ ಮೇಲೆ ಒಂದೊಂದು ಸಲ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಆ 26 ಏಟನ್ನು ಐದು ಪೀಸ್‌ಗಳವರೆಗೆ ಹಂಚಿಕೊಳ್ಳಲು ಅವಕಾಶ ಇದೆ. ಬೀಳುವುದು ಕಾಂಕ್ರೀಟ್ ಮೇಲೆ ಹಾಸಿದ ಪ್ಲೈವುಡ್ ಮೇಲೆ. ಸೇನೆಯವರು ಬಂದು ಯಾವ ಕವರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ಕಂಪನಿಯೇ ಪರೀಕ್ಷೆ ಮಾಡಿಕೊಂಡು ಡಬ್ಬದ ಮೇಲೆ ಬರೆದುಕೊಳ್ಳುತ್ತದೆ. ನಮ್ಮ ಅಂಗಳಕ್ಕೆ ಹಾಸಿರುವುದು ಜಂಬಿಟ್ಟಿಗೆ ಕಲ್ಲು. ಮೈಯೆಲ್ಲಾ ತೂತು, ಚೂಪು. ಪ್ಲೈವುಡ್‌ನಲ್ಲಿ ಪಾಸಾದ ಕವರ್ ಇಲ್ಲಿ ಪಾಸಾಗುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ.

ಆ 650 ರೂಪಾಯಿಯ ಕವರನ್ನು ಫೋನಿಗೆ ಹಾಕಿ ನೋಡಿದೆ. ಗಟ್ಟಿಯೇನೋ ಇದೆ. ಆದರೆ ಈ ಫೋನಿನ ಫಿಂಗರ್‌ಪ್ರಿಂಟ್ ಇರುವುದು ಪಕ್ಕದ ಪವರ್ ಬಟನ್‌ನಲ್ಲಿ. ಕವರ್ ಎಷ್ಟು ದಪ್ಪ ಅಂದರೆ ಬಟನ್ ಹೊಂಡದೊಳಗೆ ಹೋಗಿ ಕೂತ ಹಾಗಿದೆ. ನನ್ನ ಬೆರಳೇ ಸರಿಯಾಗಿ ತಾಗುತ್ತಿಲ್ಲ. ಇನ್ನು ಅಪ್ಪನ ಬೆರಳು! ಅಡಿಕೆ ಸುಲಿದು, ಚೊಗರು ಹತ್ತಿ, ಗೆರೆಗಳೇ ಸವೆದುಹೋಗಿವೆ. ಪಕ್ಕಕ್ಕಿಟ್ಟೆ.

ಕೊನೆಗೆ ತಗೊಂಡದ್ದು ಇದು. 180 ರೂಪಾಯಿ. ಟಿಪಿಯು ಅಂತಾರೆ, ಬಾಗುವ ಪ್ಲಾಸ್ಟಿಕ್. ಬೆರಳಲ್ಲಿ ಒತ್ತಿದರೆ ರಬ್ಬರಿನಂತೆ ಒಳಗೆ ಹೋಗಿ ವಾಪಸ್ ಬರುತ್ತದೆ. ಕವರಿನ ಕೆಲಸವೇ ಅದು, ಏಟನ್ನು ತಾನು ತಿಂದು ನಿಧಾನ ಮಾಡುವುದು. ಬರೀ ಗಟ್ಟಿ ಇದ್ದರೆ ಏಟು ಸೀದಾ ಒಳಗೆ ದಾಟುತ್ತದೆ. ಕೊಳ್ಳುವಾಗ ಎರಡು ಜಾಗ ನೋಡಿ. ಒಂದು, ನಾಲ್ಕು ಮೂಲೆ. ಇಲ್ಲಿ ಉಬ್ಬು ಕಾಣ್ತಿದೆಯಲ್ಲ, ಒಳಗೆ ಗಾಳಿಗೆ ಜಾಗ ಬಿಟ್ಟಿದ್ದಾರೆ. ಎರಡು, ಸುತ್ತಲಿನ ಅಂಚು. ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟು, ಪಕ್ಕದಿಂದ ಕಣ್ಣಿಟ್ಟು ನೋಡಿ. ಮೇಜಿಗೂ ಗಾಜಿಗೂ ನಡುವೆ ಬೆಳಕು ಕಾಣಬೇಕು. ಕಾಣದಿದ್ದರೆ ಬೇಡ. ಒಂದು ವಿಷಯ ಮರೆಯಬೇಡಿ: ಪರದೆಯ ಮೇಲೆ ಗ್ಲಾಸ್ ಕೂಡ ಬರುತ್ತದೆ. ಗ್ಲಾಸ್ ಹಾಕಿದ ಮೇಲೂ ಅಂಚು ಎತ್ತರ ಉಳಿಯಬೇಕು. ಕ್ಯಾಮರಾ ಸುತ್ತಲೂ ಇದೇ ಲೆಕ್ಕ. ಕ್ಯಾಮರಾ ಮೇಲೆ ಅಂಟಿಸುವ ಬೇರೆ ಗಾಜು ಕೊಡಲು ಬಂದರು, ಬೇಡ ಅಂದೆ. ರಾತ್ರಿ ಫೋಟೋದಲ್ಲಿ ಬಲ್ಬಿನ ಬೆಳಕು ಸೋರಿದ ಹಾಗೆ ಕಾಣುವುದಕ್ಕೆ ಆ ಗಾಜೂ ಒಂದು ಕಾರಣ.

"ಅಣ್ಣ, ಇದು ಹಳದಿ ಆಗಲ್ವಾ?" ಅಂದೆ. "ಆಗಲ್ಲ ಮೇಡಂ, ಗ್ಯಾರಂಟಿ." ಸುಮ್ನೆ ನಕ್ಕೆ. ಟಿಪಿಯು ಬಿಸಿಲಿಗೆ, ಶಾಖಕ್ಕೆ, ಕೈಯ ಜಿಡ್ಡಿಗೆ ಹಳದಿ ಆಗಿಯೇ ಆಗುತ್ತದೆ. ಹೊಸ ಕವರನ್ನು ಬಿಳಿ ಹಾಳೆಯ ಮೇಲಿಟ್ಟು ನೋಡಿ, ಎಷ್ಟೋ ಕವರಿಗೆ ಒಂಚೂರು ನೀಲಿ ಛಾಯೆ ಇರುತ್ತದೆ. ಬಿಳಿ ಪಂಚೆಗೆ ನೀಲಿ ಹಾಕುವ ಉಪಾಯವೇ ಇದು. ಹಳದಿ ಕಾಣುವುದು ಸ್ವಲ್ಪ ದಿನ ಮುಂದಕ್ಕೆ ಹೋಗುತ್ತದೆ, ಅಷ್ಟೆ. ಅದಕ್ಕೇ ನಾನು ಕಪ್ಪು ತಗೊಂಡೆ.

ಈಗ ಗ್ಲಾಸ್. ಡಬ್ಬದ ಮೇಲೆ 9ಎಚ್, ಅದರ ಕೆಳಗೆ 11ಡಿ. 11ಡಿ ಅಂದರೆ ಏನು ಅಂತ ಕೇಳಿದೆ. "9ಡಿಗಿಂತ ಚೆನ್ನಾಗಿರುತ್ತೆ" ಅಂದ. ಸರಿ.

9ಎಚ್‌ಗೆ ಮಾತ್ರ ಅರ್ಥ ಇದೆ, ಆದರೆ ನಾವು ಅಂದುಕೊಂಡ ಅರ್ಥ ಅಲ್ಲ. ಎಚ್‌ಬಿ ಪೆನ್ಸಿಲ್ ಗೊತ್ತಲ್ಲ, ಅದೇ ಸಾಲಿನಲ್ಲಿ ತುಂಬಾ ಗಟ್ಟಿ ಇರುವ ಪೆನ್ಸಿಲ್ 9ಎಚ್. ಅದರಿಂದ ಗೀಚಿದರೂ ಗೀರು ಬೀಳಲಿಲ್ಲ ಅಂತ ಅರ್ಥ. ಪೆನ್ಸಿಲ್! ಕಲ್ಲು, ಖನಿಜಗಳ ಗಟ್ಟಿತನ ಅಳೆಯುವುದು ಮೋಸ್ ಮಾಪಕದಲ್ಲಿ. ಅದರಲ್ಲಿ ಗಾಜು 6ರ ಆಸುಪಾಸು, ಮರಳಿನಲ್ಲಿರುವ ಕ್ವಾರ್ಟ್ಸ್ 7. ಹಾಗಾಗಿ ಜೇಬಿನಲ್ಲಿರುವ ಬೀಗದ ಕೈಗಿಂತ, ಅದರ ಜೊತೆ ಬಂದ ಎರಡು ಮರಳಿನ ಕಣವೇ ಜಾಸ್ತಿ ಅಪಾಯ.

ಹಾಗಂತ ಗ್ಲಾಸ್ ದಂಡ ಅಲ್ಲ. ಫೋನಿನ ಗಾಜನ್ನು ಗಟ್ಟಿ ಮಾಡುವ ವಿಧಾನ ನನಗೆ ತುಂಬಾ ಇಷ್ಟ. ಸುಮಾರು 400 ಡಿಗ್ರಿ ಬಿಸಿಯಲ್ಲಿ ಕರಗಿದ ಪೊಟ್ಯಾಸಿಯಂ ಉಪ್ಪಿನಲ್ಲಿ ಗಾಜನ್ನು ಅದ್ದುತ್ತಾರೆ. ಗಾಜಿನ ಮೇಲ್ಮೈಯಲ್ಲಿರುವ ಸಣ್ಣ ಸೋಡಿಯಂ ಕಣ ಎದ್ದು ಹೋಗಿ, ದೊಡ್ಡ ಪೊಟ್ಯಾಸಿಯಂ ಕಣ ಬಂದು ಕೂರುತ್ತದೆ. ಬಸ್ಸಿನಲ್ಲಿ ಮೂರು ಜನರ ಸೀಟಿನಿಂದ ಮೂವರು ಸಪೂರದವರು ಎದ್ದು, ಮೂವರು ದಪ್ಪದವರು ಕೂತರೆ ಹೇಗಿರುತ್ತೆ? ಒತ್ತಿಕೊಂಡು ಕೂರಬೇಕು. ಆ ಒತ್ತಡದಿಂದಲೇ ಬಿರುಕು ಸುಲಭವಾಗಿ ಬಾಯಿ ಬಿಡುವುದಿಲ್ಲ. 2007ರ ಮೊದಲ ಐಫೋನ್‌ಗೆ ಕಾರ್ನಿಂಗ್ ಕಂಪನಿ ಮಾಡಿಕೊಟ್ಟ ಗಾಜೂ ಇದೇ ಥರದ್ದು. ನಾವು ಮೇಲೆ ಅಂಟಿಸುವ 100 ರೂಪಾಯಿಯ ಗ್ಲಾಸ್ ಇಷ್ಟು ಹದವಾಗಿರುತ್ತದೆ ಅಂತಲ್ಲ. ಗೀರು ಬಿದ್ದರೆ, ಒಡೆದರೆ, ಅದಕ್ಕೆ ಆಗಲಿ ಅಂತ ಹಾಕುವುದು.

ಈ ಹುಡುಗನ ಕೈ ನೋಡಿ. ಮೊದಲು ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ನಂತರ ಅಂಟಿನ ಸ್ಟಿಕ್ಕರ್ ಒತ್ತಿ ಒತ್ತಿ ಎತ್ತಿ, ಧೂಳು ತೆಗೆದ. ಗ್ಲಾಸ್ ಕೂರಿಸಿದ. ಎಡಗಡೆ ಒಂದು ಸಣ್ಣ ಗುಳ್ಳೆ. ಒಳಗೆ ಒಂದು ಕಣ ಉಳಿದಿದೆ. ಬ್ಲೇಡಿನ ತುದಿಯಿಂದ ಗ್ಲಾಸಿನ ಮೂಲೆ ಎತ್ತಿದ, ಟೇಪನ್ನು ಒಳಗೆ ತೂರಿಸಿದ, ಕಣ ಹಿಡಿದುಕೊಂಡು ಬಂತು. ಬಿಟ್ಟ ತಕ್ಷಣ ಗ್ಲಾಸ್ ನೀರು ಹರಡಿದ ಹಾಗೆ ತಾನಾಗಿಯೇ ಅಂಟಿಕೊಂಡಿತು. ಎರಡು ನಿಮಿಷವೂ ಆಗಲಿಲ್ಲ. ನಾನು ಮನೆಯಲ್ಲಿ ಹಾಕಲು ಹೋಗಿ ಮೂರು ಗ್ಲಾಸ್ ದಂಡ ಮಾಡಿದವಳು. ಇಲ್ಲಿ ಫಿಟ್ಟಿಂಗ್‌ಗೆ ಕೊಟ್ಟ 30 ರೂಪಾಯಿಗೆ ನನಗೆ ಬೇಜಾರಿಲ್ಲ.

ಫೋನಿನ ಡಬ್ಬದಲ್ಲಿ ಚಾರ್ಜರ್ ಇರಲಿಲ್ಲ, ಅದನ್ನೂ ತಗೊಂಡೆ. ಇಲ್ಲಿ ಮಾತ್ರ ಜುಗ್ಗತನ ಬೇಡ. ಅಡಾಪ್ಟರ್ ಮೇಲೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ಗುರುತಿನ ಜೊತೆ ಆರ್ ಅಕ್ಷರದಿಂದ ಶುರುವಾಗುವ ಎಂಟು ಅಂಕಿಯ ನಂಬರ್ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾರ ಹೆಸರಿನಲ್ಲಿದೆ ಅಂತ ಬರುತ್ತದೆ. ಮೊದಲು ತೋರಿಸಿದ ಅಡಾಪ್ಟರ್ ಮೇಲೆ ನಂಬರೇ ಇರಲಿಲ್ಲ. ಎರಡನೆಯದನ್ನು ಅಂಗಡಿಯಲ್ಲೇ ನಿಂತು ಚೆಕ್ ಮಾಡಿ ತಗೊಂಡೆ.

ಪವರ್ ಬ್ಯಾಂಕೂ ಬೇಕಿತ್ತು. ಮಳೆಗಾಲದಲ್ಲಿ ನಮ್ಮ ಕಡೆ ಒಂದು ಮರ ಬಿದ್ದರೆ ಮೂರು ದಿನ ಕರೆಂಟ್ ಇರುವುದಿಲ್ಲ. 20,000 ಎಂಎಎಚ್ ಅಂತ ದೊಡ್ಡದಾಗಿ ಬರೆದಿರುತ್ತಾರೆ, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಲೆಕ್ಕ ಅದು. 5,000 ಎಂಎಎಚ್ ಬ್ಯಾಟರಿಯ ಫೋನಿಗೆ ನಾಲ್ಕು ಸಲ ಬರುತ್ತದೆ ಅಂತ ಲೆಕ್ಕ ಹಾಕಬೇಡಿ. ಆ 20,000 ಒಳಗಿನ ಸೆಲ್‌ನ 3.7 ವೋಲ್ಟ್ ಲೆಕ್ಕ. ಹೊರಗೆ ಬರುವಾಗ 5 ವೋಲ್ಟ್‌ಗೆ ಏರಿಸಬೇಕು, ಅದರಲ್ಲಿ ಸ್ವಲ್ಪ ಬಿಸಿಯಾಗಿ ಹೋಗುತ್ತದೆ. ಸಣ್ಣ ಅಕ್ಷರದಲ್ಲಿ ರೇಟೆಡ್ ಕೆಪಾಸಿಟಿ ಅಂತ ಇರುತ್ತದೆ, ಅದನ್ನು ಓದಿ. ಮೂರು ಸಲದ ಹತ್ತಿರ ಸಿಕ್ಕರೆ ಪುಣ್ಯ.

ರಾತ್ರಿ ಬಸ್. ಬೆಳಿಗ್ಗೆ ಊರು. ಇದು ನಮ್ಮ ಮನೆ. ಆಗುಂಬೆ ಇಲ್ಲಿಂದ ದೂರ ಇಲ್ಲ, ಹಾಗಾಗಿ ಮಳೆಯ ಬಗ್ಗೆ ಬೇರೆ ಹೇಳಬೇಕಿಲ್ಲ.

ಅಪ್ಪ ಕವರ್ ನೋಡಿದರು. ತಿರುಗಿಸಿದರು. "ಇದಕ್ಕೆ ಮುಚ್ಚಳ ಇಲ್ವಾ?" ಅಂದರು.

ಅವರಿಗೆ ಬೇಕಾದದ್ದು ಫ್ಲಿಪ್ ಕವರ್. ಹಳೆಯದರೊಳಗೆ ಏನೇನಿತ್ತು ಅಂತ ತೋರಿಸುತ್ತೇನೆ. ಮಂಜುನಾಥ ಸ್ವಾಮಿಯ ಸಣ್ಣ ಫೋಟೋ. 50 ರೂಪಾಯಿಯ ನೋಟು. ಗೊಬ್ಬರದ ಅಂಗಡಿಯ ಚೀಟಿ. ಯಾರದೋ ಮದುವೆ ಕಾಗದದಿಂದ ಹರಿದ ಫೋನ್ ನಂಬರ್. ಇದು ಕವರ್ ಅಲ್ಲ, ಆಫೀಸು. ಆದರೆ ಒಳಗಿನ ಮಡಿಕೆ ನೋಡಿ. ಬಿಳಿ ಬಿಳಿ ಬೂಸ್ಟು. ಮಲೆನಾಡಿನ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಫ್ಲಿಪ್ ಕವರ್, ಯಾವುದನ್ನೂ ಬೂಸ್ಟು ಬಿಡುವುದಿಲ್ಲ. ಮುಚ್ಚಳದ ಅಯಸ್ಕಾಂತ ಬೇರೆ ಸೋತುಹೋಗಿತ್ತು. ಅದಕ್ಕೇ ಬೀಳುವಾಗ ಮುಚ್ಚಳ ತೆರೆದುಕೊಂಡು, ಗಾಜಿನ ಮೂಲೆಯೇ ಕಲ್ಲಿಗೆ ಬಡಿಯಿತು.

ಆಗಲೇ ನನಗೆ ಹೊಳೆದದ್ದು. ನಾನು ಅರ್ಧ ದಿನ ಎಸ್.ಪಿ. ರೋಡಿನಲ್ಲಿ ಫೋನು ಎಷ್ಟು ಎತ್ತರದಿಂದ ಬಿದ್ದರೆ ಏನಾಗುತ್ತದೆ ಅಂತ ಯೋಚಿಸಿದೆ. ಎಲ್ಲಿಂದ ಬೀಳುತ್ತದೆ ಅಂತ ಯೋಚಿಸಲೇ ಇಲ್ಲ. ಅಪ್ಪನ ಫೋನು ಕೈಯಿಂದ ಬೀಳುವುದೇ ಇಲ್ಲ. ಪ್ರತಿ ಸಲ ಜೇಬಿನಿಂದಲೇ. ಬಿದ್ದ ಅಡಿಕೆ ಹೆಕ್ಕಲು ಬಗ್ಗಿದರು, ಬಿತ್ತು. ಮೈಲುತುತ್ತ ಕಲಸಲು ಬಗ್ಗಿದರು, ಬಿತ್ತು. ಹಳೇ ಕವರಿನ ಮೇಲೆ ಈ ನೀಲಿ ಕಲೆ ಕಾಣ್ತಿದೆಯಲ್ಲ, ಅದು ಆವತ್ತಿನದು. ಹೊಸ ಫೋನಿಗೆ ಐಪಿ64 ಅಂತ ಇದೆ, ಧೂಳು ಒಳಗೆ ಹೋಗುವುದಿಲ್ಲ, ನೀರು ಸಿಡಿದರೆ ತೊಂದರೆ ಇಲ್ಲ. ಆದರೆ ಆ ಪರೀಕ್ಷೆ ಮಾಡುವುದು ಬರೀ ನೀರಿನಲ್ಲಿ. ಅಡಿಕೆಗೆ ಹೊಡೆಯುವ, ಮೈಲುತುತ್ತ ಸುಣ್ಣ ಕಲಸಿದ ಬೋರ್ಡೋ ದ್ರಾವಣದ ಬಕೆಟ್ಟಿನಲ್ಲಿ ಅಲ್ಲ.

ಜೇಬಿನಿಂದ ಬೀಳುವುದಕ್ಕೂ ಆಗುವ ಒಂದು ಸಾಮಾನು ಹೇಗೋ ತಂದಿದ್ದೆ. 60 ರೂಪಾಯಿಯ ಕೊರಳ ದಾರ. ಈ ತೆಳು ಪಟ್ಟಿಯನ್ನು ಕವರಿನೊಳಗೆ ಇಟ್ಟು, ಚಾರ್ಜಿಂಗ್ ತೂತಿನಿಂದ ಇದರ ಉಂಗುರ ಹೊರಗೆ ತೆಗೆದು, ದಾರ ಸಿಕ್ಕಿಸುವುದು. ಅಪ್ಪನ ಕೊರಳಿಗೆ ಹಾಕಿದೆ. ಕನ್ನಡಿಯಲ್ಲಿ ನೋಡಿಕೊಂಡರು.

"ಅಲ್ಲ ಮಾರಾಯ್ತಿ, ಕೊರಳಿಗೆ ಹಗ್ಗ ಹಾಕ್ಕೊಂಡು ತಿರುಗೋಕೆ ನಾನೇನು ಕೊಟ್ಟಿಗೆ ದನನಾ?"

ಅಮ್ಮ ಒಳಗಿಂದ ಜೋರಾಗಿ ನಕ್ಕಿದ್ದು ರೆಕಾರ್ಡ್ ಆಗಿದೆ.

ಜಿಪ್ ಇರುವ ಪ್ಲಾಸ್ಟಿಕ್ ಚೀಲ ಮಾತ್ರ ಒಪ್ಪಿದರು. ಮಳೆಯಲ್ಲಿ ತೋಟಕ್ಕೆ ಹೋಗುವಾಗ ಫೋನನ್ನು ಒಳಗೆ ಹಾಕಿ ಬಾಯಿ ಕಟ್ಟುವುದು. ಮಳೆಗೆ ಕೊಳೆರೋಗ ಬರದ ಹಾಗೆ ಅಡಿಕೆ ಗೊನೆಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುವವರಿಗೆ ಇದನ್ನು ವಿವರಿಸಬೇಕಾಗಲಿಲ್ಲ. "ಫೋನಿಗೂ ಕೊಟ್ಟೆ" ಅಂದರು. ಅದರಲ್ಲಿ ಒಂದು ತೊಂದರೆ ಇದೆ. ಬೆಚ್ಚಗಿನ ಫೋನು ಒಳಗೆ, ತಣ್ಣನೆ ಮಳೆ ಹೊರಗೆ, ಚೀಲ ಒಳಗಿನಿಂದ ಬೆವರುತ್ತದೆ. ಮನೆಗೆ ಬಂದ ಮೇಲೆ ತೆಗೆದು, ಕವರ್ ಕಳಚಿ ಒರೆಸಿ ಇಡಬೇಕು. ಚಾರ್ಜಿಗೆ ಹಾಕುವಾಗ ಫೋನು ಬಿಸಿಯಾದರೂ ಅಷ್ಟೆ, ಕವರ್ ಕಳಚುವುದೇ ಒಳ್ಳೆಯದು. ಗುಡುಗು ಶುರುವಾದರೆ ಚಾರ್ಜರನ್ನೇ ಪ್ಲಗ್ಗಿನಿಂದ ಕೀಳುವುದು.

ಮಧ್ಯಾಹ್ನ ಊಟ ಆದ ಮೇಲೆ ಅಮ್ಮ ಹೊಲಿಗೆ ಡಬ್ಬ ತೆಗೆದರು. ಅಪ್ಪ ತೋಟಕ್ಕೆ ಹಾಕುವ ನಾಲ್ಕು ಅಂಗಿ. ಪ್ರತಿ ಜೇಬಿನ ಬಾಯಿಗೆ ಒಂದು ಟಿಚ್ ಬಟನ್. ಹಳೇ ರವಿಕೆಗೆ ಅಂತ ತಂದು ಉಳಿದಿದ್ದವು. ಹೊಲಿಯುವಾಗ ನನ್ನ ಕಡೆ ನೋಡಿ, "ನಂಗೆ ಮೊದಲೇ ಹೇಳಿದ್ರೆ ಹಳೇ ಫೋನೂ ಉಳೀತಿತ್ತು" ಅಂದರು. ಯಾರೂ ಮಾತಾಡಲಿಲ್ಲ.

ಅಪ್ಪ ಅಂಗಿ ಹಾಕಿಕೊಂಡರು, ಫೋನ್ ಜೇಬಿಗಿಟ್ಟರು, ಬಟನ್ ಒತ್ತಿದರು. ಟಿಚ್. ಬಗ್ಗಿದರು. ಇನ್ನೂ ಬಗ್ಗಿದರು. ನಾನು ಕೆಳಗೆ ದಿಂಬು ಇಟ್ಟುಕೊಂಡೇ ಕೂತಿದ್ದೆ. ಬೀಳಲಿಲ್ಲ. ಮಂಜುನಾಥ ಸ್ವಾಮಿಯ ಫೋಟೋ ಹೊಸ ಕವರಿನ ಹಿಂದೆ, ಫೋನಿನ ಬೆನ್ನಿಗೆ ಸೇರಿತು. 50ರ ನೋಟೂ ಅಲ್ಲೇ.

ನಾನು ವಾಪಸ್ ಬೆಂಗಳೂರಿಗೆ ಬಂದು ಎರಡು ವಾರ ಆಯಿತು. ಕೊರಳ ದಾರ ಅಡುಗೆಮನೆಯ ಮೊಳೆಯಲ್ಲಿ ಟಾರ್ಚ್ ಹಿಡಿದುಕೊಂಡು ನೇತಾಡುತ್ತಿದೆಯಂತೆ. ಅಪ್ಪ ಈಗ ಮೊದಲ ಸಲಕ್ಕೆ ಫೋನ್ ಎತ್ತುವುದಿಲ್ಲ. ಕೈಯೆಲ್ಲಾ ಚೊಗರು, ಟಿಚ್ ಬಟನ್ ಬಿಚ್ಚುವಷ್ಟರಲ್ಲಿ ರಿಂಗ್ ನಿಂತಿರುತ್ತದೆ. ಒಂದು ನಿಮಿಷ ಬಿಟ್ಟು ಇನ್ನೊಂದು ಸಲ ಮಾಡುತ್ತೇನೆ.