ಸ್ಟೂಡೆಂಟ್ ಹಾಸ್ಟೆಲ್, ಹೋಟೆಲ್ ಪ್ರಾಜೆಕ್ಟ್: ಡೆವಲಪ್‌ಮೆಂಟ್ ಮ್ಯಾನೇಜರ್ ಕೆಲಸ ಏನು?

[ತೆರೆಯ ಮೇಲೆ: ಯಲಹಂಕದಲ್ಲಿ ಏಳುತ್ತಿರುವ ಐದು ಮಹಡಿ ಕಟ್ಟಡ]

ನಮಸ್ಕಾರ. ನೂರು ರೂಮಿನ ಹೋಟೆಲ್ ಎರಡು ತಿಂಗಳು ತಡವಾಗಿ ಶುರುವಾದರೆ ಎರಡು ತಿಂಗಳ ಆದಾಯ ಹೋಗುತ್ತದೆ. ಮುನ್ನೂರು ಬೆಡ್ಡಿನ ಸ್ಟೂಡೆಂಟ್ ಹಾಸ್ಟೆಲ್ ಅಷ್ಟೇ ತಡವಾದರೆ ಹೆಚ್ಚುಕಡಿಮೆ ಇಡೀ ವರ್ಷ ಹೋಗುತ್ತದೆ. ಸಿಇಟಿ, ಕಾಮೆಡ್‌ಕೆ ಸೀಟು ಸಿಕ್ಕ ಮಕ್ಕಳು ಕ್ಲಾಸು ಶುರುವಾಗುವ ಮೊದಲೇ ರೂಮು ಹಿಡಿದಿರುತ್ತಾರೆ. ಅಡ್ವಾನ್ಸ್ ಕೊಟ್ಟು ಒಂದು ಕಡೆ ಕೂತವರು ಮುಂದಿನ ವರ್ಷದವರೆಗೆ ಸಾಮಾನ್ಯವಾಗಿ ಕದಲುವುದಿಲ್ಲ. ಹಾಗಾಗಿ ಜಾಗ ನೋಡುವುದರಿಂದ ಬಾಗಿಲು ತೆರೆಯುವವರೆಗೆ ಇಡೀ ಪ್ರಾಜೆಕ್ಟ್ ನೋಡಿಕೊಳ್ಳುವ ಡೆವಲಪ್‌ಮೆಂಟ್ ಮ್ಯಾನೇಜರ್ ಮೊದಲು ಗೊತ್ತುಮಾಡುವುದು ಬಾಗಿಲು ತೆರೆಯುವ ದಿನವನ್ನು. ಜಾಗ, ದುಡ್ಡು, ಪರವಾನಗಿ, ಕಂಟ್ರಾಕ್ಟರ್, ಎಲ್ಲವನ್ನೂ ಆ ದಿನದಿಂದ ಹಿಂದಕ್ಕೆ ಎಣಿಸುತ್ತಾ ಬರಬೇಕು.

ಜಾಗದಿಂದಲೇ ನೋಡೋಣ. ಮೂಲಪತ್ರ, ಇಸಿ (ಋಣಭಾರ ಪ್ರಮಾಣಪತ್ರ), ಇ-ಖಾತೆ, ಭೂ ಪರಿವರ್ತನೆ ಆದೇಶ, ಇವನ್ನು ಎಲ್ಲರೂ ಕೇಳುತ್ತಾರೆ. ಹಲವರು ನೋಡದೆ ಬಿಡುವುದು ಪಿಟಿಸಿಎಲ್ ಕಾಯ್ದೆಯನ್ನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಅನುಮತಿ ಇಲ್ಲದೆ ಕೈ ಬದಲಾಗಿದ್ದರೆ 1978ರ ಈ ಕಾಯ್ದೆಯಡಿ ಅದು ಮೂಲ ಕುಟುಂಬಕ್ಕೆ ವಾಪಸ್ ಹೋಗಬಹುದು. ಎಷ್ಟು ವರ್ಷ ಕಳೆದಿದ್ದರೂ ಅವರು ಅರ್ಜಿ ಹಾಕಬಹುದು ಎಂದು 2023ರ ತಿದ್ದುಪಡಿ ಹೇಳುತ್ತದೆ. ಇದು ಅವರ ನ್ಯಾಯವಾದ ಹಕ್ಕು. ಇಸಿ ಕ್ಲೀನ್ ಇದೆ ಎಂದು ಸುಮ್ಮನಾಗದೆ, ಮಂಜೂರಾತಿ ಕಡತವನ್ನು ತಾಲೂಕು ಕಚೇರಿಯಿಂದ ತೆಗೆಸಿ ಓದಲೇಬೇಕು.

[ತೆರೆಯ ಮೇಲೆ: ಗ್ರಾಮ ನಕ್ಷೆಯ ಮೇಲೆ ರಾಜಕಾಲುವೆಯ ನೀಲಿ ಗೆರೆ]

ಎರಡನೆಯದು ರಾಜಕಾಲುವೆ, ಅಂದರೆ ಮಳೆನೀರು ಹರಿಯುವ ಕಾಲುವೆ. 2015ರ ಮಾಸ್ಟರ್ ಪ್ಲಾನ್‌ನಲ್ಲಿ ಪ್ರಾಥಮಿಕ ಕಾಲುವೆಗೆ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಬಫರ್ ಇದೆ. ಅಳೆಯುವುದು ಕಾಲುವೆಯ ನಡುಗೆರೆಯಿಂದ. ಒಂದು ಎಕರೆ ಅಂದರೆ 4,047 ಚದರ ಮೀಟರ್. ಅದರ ಅಂಚಿಗೆ 60 ಮೀಟರ್ ಉದ್ದಕ್ಕೆ ಕಿರಿದಾದ ದ್ವಿತೀಯ ಕಾಲುವೆ ಹರಿದರೆ 1,500 ಚದರ ಮೀಟರ್ ಹತ್ತಿರ ಕಟ್ಟುವಂತಿಲ್ಲ. ಮೂರನೇ ಒಂದು ಪಾಲಿಗಿಂತ ಹೆಚ್ಚು! ಕಾಲುವೆ ಈಗ ಒಣಗಿದೆ, ಮುಚ್ಚಿಹೋಗಿದೆ ಎಂಬ ಮಾತು ನಂಬಬೇಡಿ. ಗ್ರಾಮ ನಕ್ಷೆಯಲ್ಲಿ ಗೆರೆ ಇದ್ದರೆ ಅದು ಇದೆ ಎಂದೇ ಲೆಕ್ಕ.

ಯಲಹಂಕ, ಜಕ್ಕೂರು, ದೇವನಹಳ್ಳಿ, ಎಚ್‌ಎಎಲ್ ಸುತ್ತಮುತ್ತ ವಿಮಾನಗಳಿಂದಾಗಿ ಕಟ್ಟಡದ ಎತ್ತರಕ್ಕೂ ಮಿತಿ. ಮಹಡಿ ಲೆಕ್ಕ ಹಾಕುವ ಮೊದಲೇ ಎತ್ತರದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ನೋಡಿಕೊಳ್ಳಿ.

ಈಗ ನೀರು. ಬೆಂಗಳೂರಿನಲ್ಲಿ ಎಷ್ಟು ಬೆಡ್ ಹಾಕಬಹುದು ಎಂದು ಎಷ್ಟೋ ಸಲ ನಿರ್ಧರಿಸುವುದು ನೀರೇ. ಹಾಸ್ಟೆಲ್‌ಗೆ ಒಬ್ಬರಿಗೆ ದಿನಕ್ಕೆ 135 ಲೀಟರ್, ಮೂರು ಸ್ಟಾರ್‌ವರೆಗಿನ ಹೋಟೆಲ್‌ಗೆ ಬೆಡ್ಡಿಗೆ 180 ಲೀಟರ್ ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹಿಡಿಯುತ್ತದೆ. ಮುನ್ನೂರು ಬೆಡ್ಡಿಗೆ 40,500 ಲೀಟರ್. ಕಾವೇರಿ ಬರದ ದಿನ 6,000 ಲೀಟರಿನ ಏಳು ಟ್ಯಾಂಕರ್ ಬೇಕು. ಆ ಟ್ಯಾಂಕರ್ ಗೇಟಿನೊಳಗೆ ತಿರುಗಲು ಜಾಗ ಇದೆಯೇ ಎಂಬುದನ್ನೂ ನಕ್ಷೆಯಲ್ಲೇ ನೋಡಬೇಕು.

ಬಳಸಿದ ನೀರಿನಲ್ಲಿ ಶೇ. 80ರಷ್ಟು ಕೊಳಚೆಯಾಗಿ ಬರುತ್ತದೆ ಎಂದುಕೊಂಡರೆ 32,400 ಲೀಟರ್. ಎಸ್‌ಟಿಪಿ, ಅಂದರೆ ಕೊಳಚೆ ಶುದ್ಧೀಕರಣ ಘಟಕ, 35 ಕೆಎಲ್‌ಡಿ (ದಿನಕ್ಕೆ 35 ಸಾವಿರ ಲೀಟರ್) ಇರಲಿ. ಹಾಸ್ಟೆಲ್ ಎಸ್‌ಟಿಪಿ ಕೆಡುವ ರೀತಿಯೇ ಬೇರೆ. ಪರೀಕ್ಷೆ ಮುಗಿದು ಮಕ್ಕಳು ಊರಿಗೆ ಹೋದರೆ ಕೊಳಚೆ ನಿಲ್ಲುತ್ತದೆ, ಟ್ಯಾಂಕಿನ ಸೂಕ್ಷ್ಮಜೀವಿಗಳು ಆಹಾರವಿಲ್ಲದೆ ಸಾಯುತ್ತವೆ. ರಜೆ ಮುಗಿದು ಮುನ್ನೂರು ಜನ ಒಟ್ಟಿಗೆ ಬಂದಾಗ ಶುದ್ಧಿಮಾಡಲು ಟ್ಯಾಂಕಿನಲ್ಲಿ ಏನೂ ಉಳಿದಿರುವುದಿಲ್ಲ, ಕಟ್ಟಡವೆಲ್ಲ ನಾರುತ್ತದೆ. ಇದಕ್ಕೆ ಪರಿಹಾರ ವಿನ್ಯಾಸದಲ್ಲೇ ಇದೆ: ಒಂದು ದೊಡ್ಡ ಟ್ಯಾಂಕಿನ ಬದಲು ಜೋಡಿ ಸಾಲು ಕಟ್ಟಿ, ರಜೆಯಲ್ಲಿ ಒಂದನ್ನು ಮಾತ್ರ ಓಡಿಸಿ. ಬೆಲ್ಲದ ನೀರು ಹಾಕಿ ಜೀವಿಗಳನ್ನು ಉಳಿಸಿಕೊಳ್ಳಿ, ಮಕ್ಕಳು ಬರುವ ಎರಡು ವಾರ ಮೊದಲು ಚೆನ್ನಾಗಿ ಓಡುತ್ತಿರುವ ಬೇರೆ ಎಸ್‌ಟಿಪಿಯಿಂದ ಸ್ಲಡ್ಜ್ (ಜೀವಿಗಳಿರುವ ಕೆಸರು) ತಂದು ಸೇರಿಸಿ. ಮೆಸ್ ಅಡುಗೆಮನೆಗೆ ಗ್ರೀಸ್ ಟ್ರ್ಯಾಪ್ ಇಲ್ಲದಿದ್ದರೆ ಇಷ್ಟೆಲ್ಲ ಮಾಡಿಯೂ ಎಣ್ಣೆ ಬಂದು ಕೆಡಿಸುತ್ತದೆ.

[ತೆರೆಯ ಮೇಲೆ: ಹಾಸ್ಟೆಲ್ | ಹೋಟೆಲ್]

ಹೂಡಿಕೆದಾರರು ತಪ್ಪದೆ ಕೇಳುವ ಪ್ರಶ್ನೆ: ಬೇಸಿಗೆ ರಜೆಯಲ್ಲಿ ಹಾಸ್ಟೆಲನ್ನೇ ಹೋಟೆಲ್ ಥರ ನಡೆಸಬಹುದಲ್ಲ? ಕಾಗದದ ಮೇಲೆ ಲಾಭ ಚೆನ್ನಾಗಿ ಕಾಣುತ್ತದೆ. ಆದರೆ ಕಟ್ಟಡ ಸಂಹಿತೆಯಲ್ಲಿ ಡಾರ್ಮಿಟರಿ ಎ-3, ಹೋಟೆಲ್ ಎ-5, ಎರಡೂ ಬೇರೆ ವರ್ಗ. ನಕ್ಷೆ, ಫೈರ್ ಎನ್‌ಒಸಿ, ಟ್ರೇಡ್ ಲೈಸೆನ್ಸ್ ಯಾವುದಕ್ಕೆ ಸಿಕ್ಕಿದೆಯೋ ಅದಕ್ಕೇ. ತೆರಿಗೆಯೂ ಬೇರೆ. ತಲೆಗೆ ತಿಂಗಳಿಗೆ 20,000 ರೂಪಾಯಿವರೆಗೆ, ಸತತ 90 ದಿನ ವಾಸವಿದ್ದರೆ ಜಿಎಸ್‌ಟಿ ಇಲ್ಲ; ಇದು 2024ರ ಜುಲೈನಿಂದ ಇದೆ. ಮೂರು ದಿನಕ್ಕೆ ಬಂದ ಅತಿಥಿಗೆ ಈ ವಿನಾಯಿತಿ ಸಿಗದು. ಹೋಟೆಲ್ ರೂಮು ದಿನಕ್ಕೆ 7,500 ರೂಪಾಯಿವರೆಗೆ ಇದ್ದರೆ 2025ರ ಸೆಪ್ಟೆಂಬರ್ 22ರಿಂದ ಶೇ. 5, ಅದರ ಮೇಲೆ ಶೇ. 18. ಎರಡೂ ಬೇಕೆಂದರೆ ಮೊದಲ ದಿನವೇ ನಿರ್ಧರಿಸಿ, ಹೋಟೆಲ್ ಭಾಗಕ್ಕೆ ಬೇರೆ ಪ್ರವೇಶ, ಬೇರೆ ಮೆಟ್ಟಿಲು ಇಟ್ಟು ನಕ್ಷೆ ಮಂಜೂರು ಮಾಡಿಸಿ.

ಕಟ್ಟುವಾಗ ಅಗೆತವನ್ನು ಡಿಸೆಂಬರ್, ಜನವರಿಯಲ್ಲಿ ಶುರುಮಾಡುವುದು ಕ್ಷೇಮ. ಮಳೆಗಾಲದಲ್ಲಿ ಬೇಸ್‌ಮೆಂಟ್ ಗುಂಡಿ ಕೆರೆಯಾಗುತ್ತದೆ. ಮಣ್ಣು ಪರೀಕ್ಷೆಯಲ್ಲಿ ಬಂಡೆ ಎಷ್ಟು ಆಳದಲ್ಲಿದೆ ಎಂದು ತಿಳಿಯದೆ ಅಗೆತದ ರೇಟಿಗೆ ಸಹಿ ಹಾಕಬೇಡಿ.

ಕೊನೆಯ ಮೂರು ತಿಂಗಳೇ ಕಠಿಣ. ಓಸಿ (ಸ್ವಾಧೀನಾನುಭವ ಪತ್ರ) ಇಲ್ಲದೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಟೆಂಪರರಿ ಕರೆಂಟಿನಲ್ಲಿ ಬಾಗಿಲು ತೆರೆದು ಕಾಗದ ಆಮೇಲೆ ನೋಡಿಕೊಳ್ಳೋಣ ಎನ್ನುವ ದಾರಿ ಮುಚ್ಚಿದೆ. ಆಗಸ್ಟ್‌ನಲ್ಲಿ ಮಕ್ಕಳು ಬರಬೇಕಾದರೆ ಏಪ್ರಿಲ್‌ಗೆ ಕಟ್ಟಡ ಮುಗಿದಿರಬೇಕು. ಮೇ ತಿಂಗಳಲ್ಲಿ ಅಗ್ನಿಶಾಮಕ ಇಲಾಖೆ, ವಿದ್ಯುತ್ ಪರಿವೀಕ್ಷಣಾಲಯದ ಲಿಫ್ಟ್ ತಪಾಸಣೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ಆಮೇಲೆ ಓಸಿ. ಮಂಚ, ಹಾಸಿಗೆ ಅದರ ನಂತರ ಬಂದರೂ ನಡೆಯುತ್ತದೆ.

ಒಂದು ರೂಮನ್ನು ಮಾತ್ರ ಎಲ್ಲಕ್ಕಿಂತ ಮೊದಲೇ ಪೂರ್ತಿ ಮುಗಿಸಿ. ಬೀರು ಬಾಗಿಲು ಮಂಚಕ್ಕೆ ತಾಗುತ್ತದೆಯೇ, ಓದುವ ಮೇಜಿನ ಹತ್ತಿರ ಪ್ಲಗ್ ಇದೆಯೇ, ಸ್ನಾನದ ನೀರು ಬಾಗಿಲಾಚೆ ಬರುತ್ತದೆಯೇ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಅಲ್ಲಿ ಉಳಿದ ತಪ್ಪು ನೂರೈವತ್ತು ರೂಮಿನಲ್ಲೂ ಬರುತ್ತದೆ. ಟೈಲ್ಸ್ ಹಾಕುವ ಮೊದಲು ಪ್ರತಿ ಬಾತ್‌ರೂಮಿನಲ್ಲೂ 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ಸೀಲಿಂಗ್ ನೋಡಿ.

ಹ್ಯಾಂಡ್‌ಓವರ್‌ಗೆ ಮೊದಲು ಮೇಲಿನ ಮಹಡಿಯ ಎಲ್ಲ ಶವರ್ ಒಟ್ಟಿಗೆ ಬಿಟ್ಟು ಪ್ರೆಷರ್ ಅಳೆಯಿರಿ. ಹಾಸ್ಟೆಲ್‌ನಲ್ಲಿ ಬೆಳಿಗ್ಗೆ ಏಳರಿಂದ ಎಂಟೂವರೆ ಒಳಗೆ ನಡೆಯುವುದು ಅದೇ. ಹಾಗೆಯೇ ಕರೆಂಟ್ ತೆಗೆದು ಜನರೇಟರ್ ನೋಡಿ, ಫೈರ್ ಅಲಾರಂ ಒತ್ತಿ ಲಿಫ್ಟ್ ನೆಲಮಹಡಿಗೆ ಬಂದು ಬಾಗಿಲು ತೆರೆಯುತ್ತದೆಯೇ ನೋಡಿ. ಇಷ್ಟೂ ಪಾಸಾಗುವವರೆಗೆ ಕಂಟ್ರಾಕ್ಟರ್‌ನ ಫೈನಲ್ ಬಿಲ್‌ಗೆ ಸಹಿ ಹಾಕಬೇಡಿ.